ಮಾರ್ಥಾ ಅತ್ತಿ ನೋಡಿಬಂದ ಕಾಲೇಜುಗಳು

ಮಾರ್ಥಾ ಅತ್ತಿಯ ಪಾಪಗಳು ರಾಣೆಬೆನ್ನೂರಿನ ನಮ್ಮ ಚರ್ಚಿನಲ್ಲಿ ಎಲ್ಲರಿಗೂ ಗೊತ್ತಿದ್ದವು. ಪಾಪನಿವೇದನೆಗೆ ಮೊಣಕಾಲೂರಿದಾಗ ಉಳಿದವರು ಫಾದರ್ ಕಿವಿಗಷ್ಟೇ ಮುಟ್ಟುವಂತೆ ಪಿಸುಗುಟ್ಟುತ್ತಿದ್ದರೆ, ಅತ್ತಿ ಆಸ್ಪತ್ರೆಯ ವಾರ್ಡಿನ ಈ ತುದಿಯಿಂದ ಆ ತುದಿಯ ಆಯಾನನ್ನು ಕೂಗುವ ದನಿಯಲ್ಲೇ ಹೇಳುತ್ತಿದ್ದಳು: "ಫಾದರ್, ಈ ವಾರ ಡಾಕ್ಟರಿಗೆ ಎರಡು ಸಲ ಬೈದೇನ್ರಿ. ಒಂದು ಸಲದ್ದು ಪಾಪ. ಇನ್ನೊಂದು ಸಲದ್ದು ಅಲ್ಲ, ಆತಗ ಅದು ಬೇಕಾಗಿತ್ತು." ಸರದಿಗೆ ಕಾದು ಕೂತವರು ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು. ಸ್ವಲ್ಪ ಮೆತ್ತಗೆ ಹೇಳಬಾರದೇ ಎಂದು ಅಪ್ಪ ಒಮ್ಮೆ ಕೇಳಿದ್ದಕ್ಕೆ ಅತ್ತಿ ಕಣ್ಣರಳಿಸಿ, "ದೇವರಿಗೆ ಹೇಳಾಕ ನಾಚಿಕಿ ಇಲ್ಲದ ಮ್ಯಾಲೆ ಮಂದಿದೇನೋ ನಾಚಿಕಿ?" ಅಂದಿದ್ದಳು.

ಅವಳು ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಬ್ಯಾಡಗಿಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಊರಿಗೆಲ್ಲ 'ನರ್ಸಬಾಯಾರು'. ಭಾನುವಾರದ ಪೂಜೆಗೆಂದು ಪ್ಯಾಸೆಂಜರ್ ಗಾಡಿ ಹಿಡಿದು ರಾಣೆಬೆನ್ನೂರಿಗೆ ಬರುತ್ತಿದ್ದಳು. ಪೂಜೆ ಮುಗಿಸಿ ನಮ್ಮ ಮನೆಯಲ್ಲಿ ಊಟ. ಮೆಣಸಿನಕಾಯಿ ಸೀಜನ್ನಿನಲ್ಲಂತೂ ಅವಳ ಬಿಳಿ ಸೀರೆ, ಕೈಚೀಲ, ತಲೆಗೂದಲು ಎಲ್ಲದರಲ್ಲೂ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನ ಘಾಟು ಕೂತಿರುತ್ತಿತ್ತು. ಅವಳು ಪಡಸಾಲೆಯಲ್ಲಿ ಸೆರಗು ಕೊಡವಿದರೆ ಮನೆಮಂದಿಯೆಲ್ಲ ಸೀನುತ್ತಿದ್ದೆವು, ಅವಳೊಬ್ಬಳನ್ನು ಬಿಟ್ಟು.

ಒಮ್ಮೆ ಯಾರ್ಡಿನ ದೊಡ್ಡ ದಲಾಲರೊಬ್ಬರು ಸೊಸೆಯನ್ನು ಹೆರಿಗೆಗೆ ಕರೆತಂದರು. ಕಿಟಕಿ ಪಕ್ಕದ ಮಂಚದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸೊಬ್ಬಳು ಬ್ಯಾನೆ ತಿನ್ನುತ್ತ ಮಲಗಿದ್ದಳು. ಅವಳನ್ನು ನೆಲಕ್ಕಿಳಿಸಿ ಆ ಮಂಚ ಕೊಡಿ ಎಂದು ದಲಾಲರ ಒತ್ತಾಯ. ಡಾಕ್ಟರೂ ತಲೆಯಾಡಿಸಿಬಿಟ್ಟರು. ಅತ್ತಿ ಬಾಗಿಲಿಗೆ ಅಡ್ಡ ನಿಂತಳು. "ಮಂಚ ಸರಕಾರದ್ದು, ಹೆರಿಗಿ ದೇವರದು. ನಡುವ ನಿಮ್ಮದೇನೈತ್ರಿ ಸಾವಕಾರ್ರ? ಈಕಿ ಹಡೆದು ಎದ್ದ ಮ್ಯಾಲೆ ನಿಮ್ಮ ಸೊಸಿ ಪಾಳಿ. ಅಲ್ಲೀತನ ಈಕಿನೂ ನನ್ನ ಮಗಳು, ಆಕಿನೂ ನನ್ನ ಮಗಳು." ಅಂದು ಎರಡೂ ಹೆರಿಗೆ ಅವಳೇ ಮಾಡಿಸಿದಳು. ಆಮೇಲೆ ದಲಾಲರು ಹಬ್ಬಕ್ಕೊಮ್ಮೆ ಅವಳ ಮನೆಗೆ ಬಂದು ಚಾ ಕುಡಿದು ಹೋಗುವಷ್ಟು ಸ್ನೇಹವಾಯಿತು.

ಎಂಬತ್ತರ ದಶಕದ ಕೊನೆಗೆ ನನ್ನ ಪಿಯುಸಿ ಮುಗಿಯಿತು. ಇಡೀ ತರಗತಿಯಲ್ಲಿ ಕಥೋಲಿಕ ಹುಡುಗಿ ಎಂದರೆ ನಾನೊಬ್ಬಳೇ. ಗೆಳತಿಯರು ಒಳ್ಳೆಯವರೇ. ಆದರೆ ವಿಭೂತಿ ಬುಧವಾರ ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ಹೋದರೆ ಒಬ್ಬಳು, "ಹಣಿಗೇನೋ ಹತ್ತೇತಿ, ಒರೆಸ್ಕೊ" ಅನ್ನುವಳು, ಇನ್ನೊಬ್ಬಳು, "ನಿಮ್ಮದೂ ವಿಭೂತಿ ಏನು? ಹಂಗಾರ ನೀವೂ ನಮ್ಮ ಪೈಕಿ" ಅನ್ನುವಳು. ನಿಮ್ಮ ದೇವರು ಸತ್ತ ದಿನ ಗುಡ್ ಫ್ರೈಡೇ ಹೇಗಾಯಿತು ಎಂದು ಮೇಷ್ಟ್ರು ಪ್ರತಿವರ್ಷ ಕೇಳುವರು. ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು. ಒಂದು ಭಾನುವಾರ ಅದನ್ನೇ ಅತ್ತಿಯ ಮುಂದೆ ತೋಡಿಕೊಂಡೆ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು.

"ಮೂರು ವರ್ಷ ಎಲ್ಲೆರ ಒಂದು ಕಡೆ ನೀ ಯಾರಿಗೂ ಏನೂ ತಿಳಿಸಿ ಹೇಳೂದಿಲ್ಲದ ಇರಬೇಕು, ರೀಟವ್ವ. ಆಮ್ಯಾಲೆ ಜೀವಮಾನ ಪೂರ್ತಿ ತಿಳಿಸಿ ಹೇಳೂದು ಇದ್ದ ಐತಿ. ಖರೇ ಖರೇ ಕಥೋಲಿಕ ಕಾಲೇಜು ಹುಡುಕೂಣು."

ರೈಲ್ವೆ ಸ್ಟೇಶನ್ನಿನಲ್ಲಿ ಪಾರ್ಸಲ್ ಗುಮಾಸ್ತರಾಗಿದ್ದ ಅಪ್ಪ ಗೊಣಗಿದರು. "ಈ ಊರಾಗ ಕಾಲೇಜು ಇಲ್ಲೇನಕ್ಕಾ? ಮನ್ಯಾಗ ಉಂಡು ನಡಕೋತ ಹೋಗತಾಳ." ಅತ್ತಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನಮ್ಮ ಧರ್ಮಕೇಂದ್ರದ ಫಾದರ್ ಮಾತ್ರ ಉತ್ಸಾಹದಿಂದ ಮುಂದೆ ಬಂದರು. ದೂರದ ದೊಡ್ಡ ಊರಿನಲ್ಲಿ ಸಂತರ ಹೆಸರಿನ ಹೆಣ್ಣುಮಕ್ಕಳ ಕಾಲೇಜು. ಮಂತ್ರಿಗಳ ಮಕ್ಕಳೂ ಅಲ್ಲಿ ಓದಿದವರು. ಪ್ರಿನ್ಸಿಪಾಲರಿಗೆ ತಾವೇ ಮಾತಾಡಿ ನನಗೊಂದು ಸೀಟು ಇಡಿಸಿದರು. ಅವರು ತೋರಿಸಿದ ಆ ಕಾಲೇಜಿನ ಪುಸ್ತಕಾಲಯದ ಚಿತ್ರ ನೋಡಿಯೇ ನಾನು ಮನಸ್ಸಿನಲ್ಲಿ ಅಲ್ಲಿಗೆ ಹೋಗಿ ಸೇರಿಬಿಟ್ಟಿದ್ದೆ. ಕಪಾಟುಗಳಿಗೆ ಹತ್ತಲು ಅಲ್ಲಿ ಮರದ ಏಣಿಗಳಿದ್ದವು.

ಅತ್ತಿ ರಜೆ ಹಾಕಿದಳು. ಇಬ್ಬರೂ ರೈಲು ಹತ್ತಿದೆವು.

ಗೇಟಿನ ಒಳಗೆ ಆಳೆತ್ತರದ ಸಂತರ ಪ್ರತಿಮೆ, ಸುತ್ತ ಗುಲಾಬಿ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅತ್ತಿ ಕಾವಲಿನವನನ್ನು ಕೇಳಿದಳು, "ಇಲ್ಲಿ ಪೂಜಿ ಎಷ್ಟೊತ್ತಿಗಪಾ?" ಅವನಿಗೆ ಗೊತ್ತಿರಲಿಲ್ಲ. ಎದುರಾದ ವಿದ್ಯಾರ್ಥಿನಿಯರನ್ನು ಕೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಆಫೀಸಿನ ಜವಾನ ಬೀಗದ ಕೈ ತಂದು ಪ್ರಾರ್ಥನಾಲಯದ ಬಾಗಿಲು ತೆರೆದ. ಒಳಗೆ ಪರೀಕ್ಷೆಯ ಬೆಂಚುಗಳನ್ನು ಒಂದರ ಮೇಲೊಂದು ಸೂರಿನವರೆಗೆ ಒಟ್ಟಿದ್ದರು. ಪೂಜೆಯ ಪವಿತ್ರ ರೊಟ್ಟಿ ಇಡುವ ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಹಗಲೂ ರಾತ್ರಿ ಉರಿಯಬೇಕಾಗಿದ್ದ ಅದರ ಪಕ್ಕದ ದೀಪಕ್ಕೆ ಜೇಡ ಬಲೆ ಕಟ್ಟಿತ್ತು. ಅತ್ತಿ ಬೆಂಚುಗಳ ನಡುವಿನ ಇಕ್ಕಟ್ಟಿನಲ್ಲೇ ಮೊಣಕಾಲೂರಿ, ಒಂದು 'ನಮೋ ಮರಿಯಾ' ಹೇಳಿ ಎದ್ದಳು. ಅವಳ ಮುಖ ನೋಡಿಯೇ ನನ್ನ ಪುಸ್ತಕಾಲಯ ಕೈತಪ್ಪಿತೆಂದು ನನಗೆ ತಿಳಿಯಿತು.

ಪ್ರಿನ್ಸಿಪಾಲ್ ಸಿಸ್ಟರ್ ನಗುಮುಖದವರು. ಕುರ್ಚಿ ಕೊಟ್ಟರು, ನನ್ನ ಅಂಕಗಳನ್ನು ಮೆಚ್ಚಿದರು, ಸೀಟು ನಿಮ್ಮದೇ ಎಂದರು. ಅತ್ತಿ ನೇರ ಕೇಳಿಯೇಬಿಟ್ಟಳು.

"ಚಾಪೆಲ್ಲಿನ ದೀಪ ಯಾಕ ಆರೇತ್ರಿ?"

ಸಿಸ್ಟರ್ ನನ್ನ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟರು. "ನೋಡಿ, ಇಲ್ಲಿ ಎಲ್ಲಾ ಧರ್ಮದ ಹುಡುಗಿಯರೂ ಓದ್ತಾರೆ. ನಾವು ಅದನ್ನೆಲ್ಲ ತುಂಬಾ ಮುಂದೆ ಮಾಡಿದರೆ ಅವರಿಗೆ ನೋವಾಗಬಹುದು."

"ನಮ್ಮ ಬ್ಯಾಡಗಿಯಾಗ ದರ್ಗಾದಾಗ ದೀಪ ಹಚ್ಚತಾರ, ನನಗೇನೂ ನೋವಾಗಂಗಿಲ್ಲ. ಗುಡಿಯಾಗ ಗಂಟಿ ಹೊಡೀತಾರ, ಅದಕ್ಕೂ ಆಗಂಗಿಲ್ಲ. ನಿಮ್ಮ ದೀಪದಿಂದ ಯಾರಿಗ್ರಿ ನೋವು? ಯಾವ ಹುಡುಗಿ ಬಂದು ಅಂದಾಳ? ಆಕಿನ್ನ ಕರೀರಿ, ನಾ ಮಾತಾಡತೇನಿ."

"ಹಾಗೆ ಯಾರೂ ಅಂದಿಲ್ಲ..."

"ಹಂಗಾರ ಯಾರೂ ಅನ್ನದಽ ನೀವಽ ಆರಿಸೀರಿ." ಅತ್ತಿ ಎದ್ದಳು. "ಸೀಟು ಬ್ಯಾಡ್ರಿ. ಹೊರಗ ಸಂತರನ್ನ ನಿಲ್ಲಿಸಿ ಒಳಗ ಬೆಂಚು ಒಟ್ಟೂ ಕಾಲೇಜು ನಮ್ಮ ಹುಡುಗಿಗೆ ಬ್ಯಾಡ."

ಹಿಂದಿರುಗುವ ಗಾಡಿಯಲ್ಲಿ ನಾನು ಅವಳಿಗೆ ಬೆನ್ನು ತಿರುಗಿಸಿ ಕೂತೆ. ಹರಿಹರ ದಾಟಿದ ಮೇಲೆ ತಡೆಯಲಾಗಲಿಲ್ಲ. "ಓದಾಕಿ ನಾನು. ನನ್ನ ಒಂದು ಮಾತು ಕೇಳದ ಎದ್ದು ಬಂದಿ. ಇನ್ನ ಮ್ಯಾಲೆ ನನ್ನ ಕಾಲೇಜು ನಾನಽ ಆರಿಸತೇನಿ" ಎಂದು ಡಬ್ಬಿಯವರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಬೈಗುಳಕ್ಕೆ ತಯಾರಾಗಿ ಕೂತೆ. ಅತ್ತಿ ನನ್ನ ಕಡೆ ಸರಿದು ಕೂತು, "ಇಷ್ಟು ದಿನ ಈ ದನಿ ಎಲ್ಲಿ ಇಟ್ಟಿದ್ದಿ?" ಎಂದಳು. ಆಮೇಲೆ, "ಆತು. ನಾ ತೋರಸತೇನಿ, ನೀ ಆರಿಸು. ನೀ ಬ್ಯಾಡ ಅಂದ್ರ ಬ್ಯಾಡ" ಎಂದು ಮಾತು ಕೊಟ್ಟಳು.

ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಫಾದರ್ ಎದುರಾದರು. ಸಿಟ್ಟಿನಿಂದ ಅವರ ಕಿವಿ ಕೆಂಪಾಗಿತ್ತು. "ಮಾರ್ಥಾಬಾಯಿ, ನನ್ನ ಮಾನ ಕಳೆದಿರಿ. ನಾನು ಕೈಮುಗಿದು ಇಡಿಸಿದ ಸೀಟು ಅದು."

"ನಿಮ್ಮ ಮಾನಕ್ಕ ಏನೂ ಆಗಿಲ್ಲ ಫಾದರ್. ನೀವು ಒಮ್ಮೆ ಹೋಗಿ ಆ ಬೆಂಚು ಇಳಿಸಿ ಬರ್ರಿ, ದೀಪ ಹಚ್ಚಿ ಬರ್ರಿ. ಮರುದಿನ ನಾನಽ ಕರಕೊಂಡು ಹೋಗಿ ಸೇರಸತೇನಿ."

ಫಾದರ್ ಹೋಗಲಿಲ್ಲ. ಅನೇಕ ತಿಂಗಳು ಅತ್ತಿಯ ಜೊತೆ ಮಾತೂ ಆಡಲಿಲ್ಲ. ದೊಡ್ಡ ಕಾಲೇಜನ್ನು ಒದ್ದು ಬಂದ ಸೊಕ್ಕಿನವರು ಎಂದು ನಮ್ಮ ಮಂದಿಯೇ ಆಡಿಕೊಂಡರು. ಅತ್ತಿ ಎಂದಿನಂತೆ ಪ್ರತಿ ಭಾನುವಾರ ಬಂದು ಮೊದಲ ಸಾಲಿನ ಬೆಂಚಿನಲ್ಲೇ ಕೂತಳು.

ಹಾವೇರಿಯಲ್ಲಿ ಸಿಸ್ಟರುಗಳು ಹೊಸದೊಂದು ಕಾಲೇಜು ತೆರೆದಿದ್ದಾರೆಂದು ಅವಳಿಗೆ ಆಸ್ಪತ್ರೆಗೆ ಬಂದ ರೋಗಿಯೊಬ್ಬಳು ಹೇಳಿದ್ದಳಂತೆ. ಇಬ್ಬರೂ ಹೋಗಿ ನೋಡಿದರೆ ಕಾಲೇಜೇನು, ಹಳೆಯ ಹತ್ತಿ ಗೋದಾಮಿನಲ್ಲಿ ತಟ್ಟಿ ಅಡ್ಡಕಟ್ಟಿ ಕೋಣೆ ಮಾಡಿದ್ದರು. ಬೋರ್ಡು ಕೂಡ ಇರಲಿಲ್ಲ. ಇದಕ್ಕೇ ಆ ಏಣಿಗಳನ್ನು ಬಿಟ್ಟು ಬಂದೆವೇ ಎಂದು ನನಗೆ ಅಳು ಬಂತು. ಬಾಗಿಲಲ್ಲಿದ್ದ ಹುಡುಗಿ, "ದೊಡ್ಡ ಸಿಸ್ಟರ್ ಹಾಸ್ಟೆಲಿನ್ಯಾಗ ಅದಾರ್ರಿ, ಒಬ್ಬಾಕಿಗೆ ಜ್ವರ ಬಂದೈತಿ, ಕುಂದರ್ರಿ" ಎಂದಳು. ಅತ್ತಿ ಕೂರುವವಳೇ? ಒಂದೊಂದೇ ಕೋಣೆ ಇಣುಕುತ್ತ ಹೊರಟಳು.

ಮೂಲೆಯ ಕೋಣೆಗೆ ಕದವೇ ಇರಲಿಲ್ಲ. ನೆಲಕ್ಕೆ ಚಾಪೆ, ಗೋಡೆಗೊಂದು ಶಿಲುಬೆ, ಪರಮಪ್ರಸಾದದ ಪುಟ್ಟ ಪೆಟ್ಟಿಗೆ, ಅದರ ಮುಂದೆ ಉರಿಯುತ್ತಿದ್ದ ಎಣ್ಣೆಯ ದೀಪ. ಗೋಡೆಗೊರಗಿ ತಲೆಯ ಮೇಲೆ ದುಪ್ಪಟ್ಟಾ ಹೊದ್ದ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಾಯಿಪಾಠ ಮಾಡುತ್ತಿದ್ದಳು. ಹೆಸರು ಮುಮ್ತಾಜ್.

"ನೀ ಇಲ್ಲಿ ಕುಂತರ ಸಿಸ್ಟರ್ ಏನೂ ಅನ್ನಂಗಿಲ್ಲೇನು?" ಅತ್ತಿ ಕೇಳಿದಳು.

"ಇಲ್ರಿ ಅಕ್ಕಾರ. ಇಲ್ಲಿ ಗದ್ದಲ ಇರಂಗಿಲ್ಲ, ಅದಕ್ಕ ಕುಂದರತೇನಿ. ಅವರ ಪೂಜಿ ಹೊತ್ತಿಗೆ ಎದ್ದು ಹೋಗತೇನಿ. ದೀಪ ಸಣ್ಣಾದ್ರ ಎಣ್ಣಿ ಹಾಕು ಅಂದಾರ, ಹಾಕತೇನಿ."

ಅತ್ತಿ ಮೊಣಕಾಲೂರಿದಳು. ನಾನೂ ಊರಿದೆ. ಮುಮ್ತಾಜ್ ನಮಗೆ ಜಾಗ ಬಿಟ್ಟು ಸರಿದು ಕೂತು ತನ್ನ ಪಾಠ ಮುಂದುವರಿಸಿದಳು. ನಾನು ಯಾರು, ಇದೇನು ಎಂದು ಅವಳು ಕೇಳಲಿಲ್ಲ. ಅಲ್ಲಿ ಅದು ದಿನದ ಸಂಗತಿಯಾಗಿತ್ತು. ಯಾರಿಗೂ ಏನೂ ತಿಳಿಸಿ ಹೇಳದೆ ನಾನು ಪ್ರಾರ್ಥನೆ ಮುಗಿಸಿದೆ.

ಪ್ರಿನ್ಸಿಪಾಲ್ ಸಿಸ್ಟರ್ ಬೆನಡಿಕ್ಟಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಮಂಗಳೂರು ಕಡೆಯವರು. ಅತ್ತಿ ತನ್ನ ಹೆಸರು ಹೇಳಿ ತನಿಖೆ ಶುರು ಮಾಡಿದಳು.

"ಇಲ್ಲಿ ಕಥೋಲಿಕ ಹುಡುಗ್ಯಾರು ಎಷ್ಟು ಮಂದಿರಿ?"

"ಒಂದು ಬೆಂಚಿನಲ್ಲಿ ಹಿಡಿಯುತ್ತಾರೆ."

"ಮತ್ತ ಇದು ಕಥೋಲಿಕ ಕಾಲೇಜು ಹೆಂಗಾತ್ರಿ?"

ಸಿಸ್ಟರ್ ನಗಲಿಲ್ಲ. "ಉಳಿದ ಬೆಂಚಿನವರು ದಿನವೂ ನನ್ನನ್ನು ನೋಡುತ್ತಾರಲ್ಲ, ಮಾರ್ಥಾಬಾಯಿ. ಹೇಳುವುದು ಒಂದು, ಮಾಡುವುದು ಒಂದು ಆದರೆ ಅವರಿಗೆ ಆ ದಿನವೇ ಗೊತ್ತಾಗುತ್ತದೆ. ಆಮೇಲೆ ಎಷ್ಟು ಮಂದಿ ಕಥೋಲಿಕರಿದ್ದರೂ ಪ್ರಯೋಜನ ಇಲ್ಲ. ಲೈಬ್ರರಿ ಸಣ್ಣದು, ಮಳೆ ಬಂದರೆ ಸೋರುತ್ತದೆ. ಅದನ್ನೂ ಈಗಲೇ ಹೇಳಿದ್ದೇನೆ."

ಅತ್ತಿ ನನ್ನ ಕಡೆ ತಿರುಗಿದಳು. ಕೊಟ್ಟ ಮಾತಿನಂತೆ ತುಟಿ ಬಿಗಿಹಿಡಿದು ಕಾದಳು. ಅದು ಅವಳಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಕತ್ತಿನ ನರ ನೋಡಿದರೆ ತಿಳಿಯುತ್ತಿತ್ತು.

"ಇಲ್ಲೇ ಓದತೇನಿ" ಎಂದೆ. "ಆದರ ನಿನ್ನಂಗ ನರ್ಸ್ ಆಗಂಗಿಲ್ಲ. ಇವರಂಗ ಸಿಸ್ಟರೂ ಆಗಂಗಿಲ್ಲ. ಇತಿಹಾಸ ಓದತೇನಿ. ಇದರ ಮ್ಯಾಲೆ ಯಾರೂ ನನಗ ಒತ್ತಾಯ ಮಾಡಬಾರದು."

"ನಮ್ಮ ಹುಡುಗಿ ಹಿಂಗ ಮಾತಾಡತೈತ್ರಿ. ನಡೀತೈತೇನು?" ಅತ್ತಿ ಸಿಸ್ಟರನ್ನು ಕೇಳಿದಳು. ದನಿಯಲ್ಲಿ ಹೆಮ್ಮೆ ಒಡೆದು ಕಾಣುತ್ತಿತ್ತು.

"ಧೈರ್ಯ ಉಂಟಲ್ಲ, ಇರಲಿ" ಎಂದರು ಸಿಸ್ಟರ್.

ಆ ಮೂರು ವರ್ಷಗಳು ನನ್ನನ್ನು ರೂಪಿಸಿದವು. ಮಧ್ಯಾಹ್ನ ಗಂಟೆ ಬಾರಿಸಿದರೆ ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ನಮ್ಮ ಒಂದು ಬೆಂಚು ಪ್ರಾರ್ಥನೆ ಹೇಳುತ್ತಿತ್ತು, ಉಳಿದವರು ತಮ್ಮ ತಮ್ಮಷ್ಟಕ್ಕೆ ಸುಮ್ಮನಿರುತ್ತಿದ್ದರು. ಒಮ್ಮೆ ಊರಿನ ಮುಖಂಡರೊಬ್ಬರು ತಮ್ಮ ಸಭೆಗೆ ದೊಡ್ಡ ಕೋಣೆ ಕೇಳಿದರು, ಆ ಹೊತ್ತಿಗೆ ಮಾತ್ರ ಶಿಲುಬೆ ಇಳಿಸಿರಿ ಎಂದರು. "ಕೋಣೆ ಕೊಡುತ್ತೇನೆ. ಶಿಲುಬೆಯ ಮೇಲಿನವರು ಅಲ್ಲೇ ಇರುತ್ತಾರೆ, ನಿಮ್ಮ ಭಾಷಣವನ್ನೂ ಕೇಳಲಿ" ಎಂದರು ಸಿಸ್ಟರ್ ಬೆನಡಿಕ್ಟಾ. ಸಭೆ ಬೇರೆಡೆ ನಡೆಯಿತು. ಇದನ್ನು ನಾನು ಹೇಳಿದಾಗ ಅತ್ತಿ ತೊಡೆ ತಟ್ಟಿಕೊಂಡು ನಕ್ಕಿದ್ದಳು.

ಆಮೇಲೆ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಹೊಸರಿತ್ತಿ ಕಡೆಯ ಹಳ್ಳಿಯೊಂದರಲ್ಲಿ ಪಾಠ ಹೇಳತೊಡಗಿದೆ. ಅತ್ತಿ ನಿವೃತ್ತಳಾದಳು. ಹೃದಯ ದುರ್ಬಲವಾಗಿದೆ, ರಾಣೆಬೆನ್ನೂರಿಗೆ ಬಂದುಬಿಡು ಎಂದು ಅಪ್ಪ ಎಷ್ಟು ಕರೆದರೂ ಬ್ಯಾಡಗಿ ಬಿಡಲಿಲ್ಲ. ಕೊನೆಯ ಸಲ ನಾನು ಹೋದಾಗ ಕಟ್ಟೆಯ ಮೇಲೆ ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಕಾಲು ಬಾತಿದ್ದವು.

"ಅಪ್ಪನ ಮನಿಗೆ ಬಾರವಾ ಅತ್ತಿ, ಹಟ ಯಾಕ?" ಎಂದೆ.

"ಅಲ್ಲಿ ನಾ ರೋಗಿ ಆಗತೇನಿ. ಇಲ್ಲಿ ಇನ್ನೂ ನರ್ಸಬಾಯಿ ಅದೇನಿ." ಕೂಸನ್ನು ಮಗುಚಿ ಬೆನ್ನು ಉಜ್ಜಿದಳು. "ನೀ ಪಾಠ ಛಲೋ ಹೇಳತಿ ಏನು? ಹುಡುಗ್ಯಾರು ಎದುರ ಮಾತಾಡತಾರಿಲ್ಲೋ?"

"ಆಡತಾರ."

"ಹಂಗಾರ ಛಲೋ ಹೇಳಾಕತ್ತಿ" ಎಂದಳು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವಳು ಹೋದಳು. ರಾಣೆಬೆನ್ನೂರಿನ ಚರ್ಚಿಗೆ ಶವಪೆಟ್ಟಿಗೆ ತಂದೆವು. ಹೊಸದಾಗಿ ಬಂದಿದ್ದ ಎಳೆಯ ಫಾದರ್ ಅವಳನ್ನು ಕಂಡವರಲ್ಲ. "ಶಾಂತಳೂ ವಿಧೇಯಳೂ ಆದ ಈ ಸಹೋದರಿ" ಎಂದು ಅವರು ಶುರು ಮಾಡಿದಾಗ ಅಳುತ್ತಿದ್ದ ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಬ್ಯಾಡಗಿಯಿಂದ ಲಾರಿಯಲ್ಲಿ ಬಂದಿದ್ದ ತೊಟ್ಟು ಬಿಡಿಸುವ ಹೆಂಗಸರು ಮೆಟ್ಟಿಲಿನವರೆಗೂ ತುಂಬಿದ್ದರು. ಪೂಜೆ ಮುಗಿದು ನಮ್ಮ ಚರ್ಚಿನ ಸಂಘದ ಗಂಡಸರು ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಆ ಹೆಂಗಸರು ಒಳಗೆ ಬಂದು ಸುತ್ತುಗಟ್ಟಿದರು. ಹೆಂಗಸರು ಹೊರುವ ಪದ್ಧತಿ ಇಲ್ಲ ಎಂದು ಫಾದರ್ ಮೆಲ್ಲಗೆ ಹೇಳಿದರು.

ಮುಂದಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ಮ ಕೂಸುಗೋಳನ್ನ ಮದಲ ಎತ್ತಿದಾಕಿ ಇಕಿರಿ. ಇಕಿನ್ನ ನಾವಽ ಎತ್ತತೇವಿ."

ಸಂಘದ ಹಿರಿಯರು ಏನೋ ಹೇಳಲು ಬಾಯಿ ತೆರೆದರು. ನಾನು ಅವರನ್ನು ದಾಟಿ ಹೋಗಿ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟೆ. ಫಾದರ್ ಬದಿಗೆ ಸರಿದರು. ನಾವು ಮೆಟ್ಟಿಲಿಳಿದು ಬಿಸಿಲಿಗೆ ಬಂದೆವು. ಗಂಡಸರು ನಮ್ಮ ಹಿಂದೆ ನಡೆದರು.