ಶರಣಪ್ಪ ಕಟ್ಟಿದ ಜಾಯಿಂಟು

ಶರಣಪ್ಪ, ಅತನೂರ ಮಾಸ್ತರರ ಮನೆಯಲ್ಲಿ ನೀನು ಹಾಕಿದ ವೈರು ತಾನಾಗಿ ಸುಟ್ಟಿರಲಿಲ್ಲ. ಅದನ್ನು ಸುಟ್ಟವನು ನಾನು. ಹಾಡಹಗಲೇ, ಆ ಮನೆಯ ಪಡಸಾಲೆಯಲ್ಲಿ ನಿಂತು, ನನ್ನ ಜೇಬಿನ ಲೈಟರಿನಿಂದ ಸುಟ್ಟೆ. ಒಂಬತ್ತು ವರ್ಷದಿಂದ ಈ ಮಾತು ಹೇಳದೇ ಉಳಿದಿದೆ. ಹೇಳಬೇಕೆಂದು ನಿನ್ನ ಅಂಗಡಿಗೆ ಬಂದಾಗಲೆಲ್ಲ ನೀನು ಚಹಾ ತರಿಸುತ್ತೀ, ನಾನು ಕುಡಿದು ಎದ್ದು ಬರುತ್ತೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ಅಫಜಲಪುರದಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಕರೆಂಟಿನ ಕೆಲಸ ಕಲಿತವರು ನಾವು. ಕಂಬದಿಂದ ಗೋಡೆಯವರೆಗಿನ ಕೆಲಸ ನನ್ನದು, ಗೋಡೆಯೊಳಗಿನದು ನಿನ್ನದು. ಒಬ್ಬ ವೈರಿಗೆ ವೈರು ಹೆಣೆದು ಕಟ್ಟಿದ ಜಾಯಿಂಟನ್ನು ಇನ್ನೊಬ್ಬ ಬಿಚ್ಚಬಾರದು; ಉಸ್ತಾದರು ಹೇಳಿಕೊಟ್ಟ ಮರ್ಯಾದೆ ಅದು. ಆದರೆ ಗೃಹಪ್ರವೇಶದ ದಿನ ಮೊದಲ ಬಟನ್ ಒತ್ತಲು ಮನೆಯವರು ನಿನ್ನನ್ನೇ ಕರೆಯುತ್ತಿದ್ದರು. ಲೈಟು ಹತ್ತಿದ ಕೂಡಲೇ ನಿನ್ನ ಹೆಗಲಿಗೆ ಸನ್ಮಾನದ ಟಾವೆಲ್, ಕೈಗೆ ತೆಂಗಿನಕಾಯಿ. ನಾನು ಅಂಗಳದಲ್ಲಿ ಏಣಿ ಮಡಚುತ್ತಿದ್ದೆ. ಪಂಕ್ತಿಯಲ್ಲಿ ನನಗೂ ಎರಡು ಹೋಳಿಗೆ ಬೀಳುತ್ತಿದ್ದವು, ಇಲ್ಲವೆನ್ನಲಾರೆ. ಆದರೂ ಕಂಬದಿಂದ ಮನೆಗೆ ಕರೆಂಟು ತಂದವನು ನಾನಲ್ಲವೇ? ಅದು ಯಾರಿಗೂ ಹೊಳೆಯುತ್ತಿರಲಿಲ್ಲ. ಒಂದು ದಿನ ನಮ್ಮ ಮನೆಯಲ್ಲೇ ನನ್ನ ಹೆಂಡತಿ, “ಶರಣಪ್ಪಣ್ಣನ ಕೈ ಭಾಳ ಚೊಕ್ಕ ಅದ ನೋಡ್ರಿ” ಎಂದಳು. ಅಂದು ಅವಳೊಂದಿಗೆ ಸುಮ್ಮಸುಮ್ಮನೆ ಸಾರಿನ ಉಪ್ಪಿನ ಮೇಲೆ ಜಗಳ ತೆಗೆದೆ.

ಮಾಸ್ತರರ ಹೊಸ ಮನೆಯಲ್ಲಿ ನೀನು ಟಾವೆಲ್ ಹೊದ್ದು ಎರಡು ತಿಂಗಳಾಗಿತ್ತು. ಲೈಟುಗಳು ಮಿಣಿಮಿಣಿ ಎನ್ನತೊಡಗಿದವು. ನೀನು ಹೋಗಿ ನಿಂತರೆ ಎಲ್ಲ ಸರಿ, ಬೆನ್ನು ತಿರುಗಿಸಿದರೆ ಮತ್ತೆ ಅದೇ ಆಟ. ಎರಡು ದಿನ ನೀನು ಒಂದೊಂದೇ ಬೋರ್ಡು ಬಿಚ್ಚಿ ಹುಡುಕಿದೆ. ಹೊರಗಿನದನ್ನು ಯಾಕೆ ನೋಡಲಿಲ್ಲ ಎಂದು ನಾನು ಕೇಳಿದಾಗ ನೀನು ಹೇಳಿದ್ದು ನೆನಪಿದೆಯೇ?

“ಅದು ನೀ ಕಟ್ಟಿದ್ದು ಮಲ್ಲೂ, ಅದರಾಗ ನೋಡೂದೇನದ? ತಪ್ಪು ನನ್ನ ಕಡೀನೇ ಇರ್ಬೇಕು.”

ನೀನು ಸಂಬಂಧಿಕರ ಮದುವೆಗೆಂದು ಅಂದೋಲಾಕ್ಕೆ ಹೋದ ದಿನ ಮಾಸ್ತರರು ನನ್ನನ್ನು ಕರೆಸಿದರು. ಅಂಗಳದಲ್ಲಿ ನಿಂತಿದ್ದೆ. ಗಾಳಿ ಬೀಸಿ ಕಂಬದಿಂದ ಬಂದ ಸರ್ವಿಸ್ ವೈರು ತೂಗಾಡಿತು — ಅದೇ ಹೊತ್ತಿಗೆ ಎಲ್ಲ ಕೋಣೆಯ ಲೈಟುಗಳೂ ಒಟ್ಟಿಗೆ ಮಂಕಾದವು. ಒಂದು ಕೋಣೆಯದಾದರೆ ತಪ್ಪು ಒಳಗಿರಬಹುದು. ಇಡೀ ಮನೆಯದಾದರೆ ಮೊದಲು ಹೊರಗೆ ನೋಡಬೇಕು. ಲೈನ್‌ಮನ್‌ಗೆ ಹೇಳಿ ಕಂಬದ ಕರೆಂಟು ನಿಲ್ಲಿಸಿ ಏಣಿ ಹತ್ತಿದೆ. ಗೋಡೆಯ ಹತ್ತಿರದ ನ್ಯೂಟ್ರಲ್ ಜಾಯಿಂಟು, ನಾನು ಕಟ್ಟಿದ್ದು, ಎರಡು ಬೆರಳಲ್ಲಿ ಹಿಡಿದರೆ ತಿರುಗುತ್ತಿತ್ತು. ಕಟ್ಟಿದ ದಿನ ಅವಸರದಲ್ಲಿ ಎರಡು ಸುತ್ತು ಕಡಿಮೆ ಹಾಕಿದ್ದೆ. ಹೊಸದಾಗಿ ಬಿಗಿದು ಟೇಪು ಸುತ್ತಿದೆ. ಮಾಸ್ತರರು ಒಳಗಿದ್ದರು, ನೋಡಲಿಲ್ಲ.

ಅಲ್ಲಿಗೇ ಇಳಿದು ಮನೆಗೆ ಹೋಗಿದ್ದರೆ...

ಹೋಗಲಿಲ್ಲ. ಒಳಗೆ ಬಂದು ಮೇನ್ ಸ್ವಿಚ್ಚು ಇಳಿಸಿ, ಪಡಸಾಲೆಯ ನಿನ್ನ ಬೋರ್ಡು ಬಿಚ್ಚಿದೆ. ತಪ್ಪು ಹುಡುಕಲು ಅಲ್ಲ, ಅದು ಸಿಕ್ಕಾಗಿತ್ತು. ನಿನ್ನ ಕೈಯಲ್ಲಿ ಏನಿದೆ ಎಂದು ನೋಡಬೇಕಿತ್ತು. ಉಸ್ತಾದರು ಕಲಿಸಿದಂತೆ ಜಾಯಿಂಟು ಹಿಡಿದು ಜಗ್ಗಿದೆ, ಕಳಚಿ ಬರಲಿಲ್ಲ. ಇನ್ನೊಂದನ್ನು ಜಗ್ಗಿದೆ, ಅದೂ ಬರಲಿಲ್ಲ. ಒಂದಾದರೂ ಸಡಿಲವಿದ್ದಿದ್ದರೆ ಬಹುಶಃ ನಾನು ನಿನ್ನನ್ನು ಕ್ಷಮಿಸುತ್ತಿದ್ದೆ. ನಿನ್ನ ವೈರಿನ ಒಂದು ತುಂಡು ಕತ್ತರಿಸಿ, ಲೈಟರ್ ಹಚ್ಚಿ ತುದಿ ಕರಿ ಮಾಡಿ, ಮಾಸ್ತರರನ್ನು ಕೂಗಿ ಕರೆದೆ.

“ನೋಡ್ರಿ ಮಾಸ್ತರ್. ಶರಣಪ್ಪನ ಕೆಲಸ ಮ್ಯಾಲ ಚಂದ, ಒಳಗ ಕಚ್ಚಾ. ಮನಿ ಸುಡೂದು ಉಳೀತು ಅನ್ರಿ.”

ಅವರು ಆ ತುಂಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲೈಟುಗಳು ಮತ್ತೆ ಮಿಣಿಮಿಣಿ ಎನ್ನಲಿಲ್ಲ. ಎನ್ನುವುದಾದರೂ ಹೇಗೆ? ವಾರ ಕಳೆದು ನನ್ನನ್ನು ಕರೆಸಿ ಹೆಗಲಿಗೆ ಟಾವೆಲ್ ಹೊದಿಸಿದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ ಶರಣಪ್ಪ, ಚೆನ್ನಾಗಿಯೇ ಕಂಡೆ. ನಾಚಿಕೆಯಾಗಿದ್ದು ಎಷ್ಟೋ ದಿನದ ಮೇಲೆ.

ಮಾತು ಅತನೂರಿನಿಂದ ಅಫಜಲಪುರಕ್ಕೆ, ಆಮೇಲೆ ಆಳಂದದ ಕಡೆಗೂ ಹಬ್ಬಿತು. ಜನ ನಂಬಿದ್ದು ದೊಡ್ಡದಲ್ಲ, ನೀನೂ ನಂಬಿದೆ. ನೀನು ಬಂದು ಬೈಯುತ್ತೀ ಎಂದು ಉತ್ತರ ಸಜ್ಜು ಮಾಡಿಕೊಂಡು ಕೂತಿದ್ದೆ. ನೀನು ನಿನ್ನ ಕೈಗಳನ್ನೇ ನೋಡುತ್ತ ಹೇಳಿದೆ:

“ಜಗ್ಗಿ ನೋಡಿದ್ದೆ ಮಲ್ಲೂ. ನನ್ನ ಕೈಗೇ ತಿಳೀಲಿಲ್ಲ ಅಂದ್ರ, ಈ ಕೆಲಸ ನಾ ಮಾಡಬಾರ್ದು.”

ಮಾಡಲೂ ಇಲ್ಲ. ಗಾಣಗಾಪುರದಲ್ಲಿ ಅಂಗಡಿ ಹಾಕಿ ಭಕ್ತರಿಗೆ ತೆಂಗಿನಕಾಯಿ ಮಾರಲು ಕೂತೆ. ಈಗ ಎಲ್ಲರೂ ಮೊದಲ ಬಟನ್ ಒತ್ತಲು ನನ್ನನ್ನೇ ಕರೆಯುತ್ತಾರೆ.

ಹೋದ ತಿಂಗಳು ನೀನೇ ಫೋನ್ ಮಾಡಿದೆ. ನಿನ್ನ ಮನೆಯ ನಡುಕೋಣೆಯ ಲೈಟು ಮಿಣಿಮಿಣಿ ಎನ್ನುತ್ತಿದೆ, ಬೋರ್ಡು ಬಿಚ್ಚಲು ಧೈರ್ಯವಾಗುತ್ತಿಲ್ಲ ಎಂದೆ. ನಾನು ಬಂದು ನೋಡಿದರೆ ಬಲ್ಬಿನ ಹೋಲ್ಡರ್ ಹಳತಾಗಿತ್ತು, ಅಷ್ಟೇ. ಹೊಸದು ಹಾಕಿದೆ. ಆದರೂ ಏಣಿ ಸರಿಸಿ ಗೋಡೆಯ ಮೇಲ್ಗಡೆಯ ಬೋರ್ಡೂ ಬಿಚ್ಚಿದೆ. ನೀನು ಎಂದೋ ಕಟ್ಟಿದ ಜಾಯಿಂಟುಗಳು, ಒಂದೂ ಅಲುಗಾಡಿರಲಿಲ್ಲ. ಆಗ ನನ್ನೊಳಗೆ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ. ಅದೇ ಹಳೆಯ ಉರಿ — ಇವನ ಕೈ ಇನ್ನೂ ನನ್ನ ಕೈಗಿಂತ ಮೇಲು ಎಂಬ ಉರಿ. ಇದನ್ನೂ ಮುಚ್ಚಿಡುವುದಿಲ್ಲ.

ನೀನು ಕೆಳಗೆ ಏಣಿ ಹಿಡಿದು ನಿಂತಿದ್ದೆ. “ಜಗ್ಗಿ ನೋಡು” ಎಂದೆ ನೀನು. ಜಗ್ಗಿದೆ. “ಗಟ್ಟಿ ಅದ” ಎಂದೆ ನಾನು.

“ಖರೇನಾ?” ಎಂದು ಕೇಳಿದೆ ನೀನು. ಹಾಗೆ ಕೇಳುವವನಾಗಿರಲಿಲ್ಲ ನೀನು, ನಿನ್ನನ್ನು ಹಾಗೆ ಮಾಡಿದವನು ನಾನು. ಉತ್ತರ ಕೊಡದೆ ಇಳಿದು ಬಂದೆ.

ಈ ಸೋಮವಾರ ಮುಂಜಾನೆ ಅಂಗಡಿಗೆ ಬಂದು ಇದನ್ನು ನಾನೇ ಓದಿ ಹೇಳುತ್ತೇನೆ. ಚಹಾ ತರಿಸಬೇಡ. ಆಮೇಲೆ ನೀನು ಜೊತೆಗೆ ಬಂದರೂ ಸರಿ, ಬರದಿದ್ದರೂ ಸರಿ, ಅತನೂರಿಗೆ ಹೋಗಿ ಮಾಸ್ತರರ ಮುಂದೆ ಆ ಟಾವೆಲ್ ಇಟ್ಟು ಎಲ್ಲವನ್ನೂ ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಅಂದು ಏಣಿಯ ಮೇಲಿಂದ ಕೊಡಬೇಕಿದ್ದ ಉತ್ತರವನ್ನಷ್ಟೇ ಕೊಡುತ್ತಿದ್ದೇನೆ.

ಖರೇ ಶರಣಪ್ಪ. ಅತನೂರದೂ ಗಟ್ಟೀನೇ ಇತ್ತು.