ಎಂಜಿನ್ ಎತ್ತುವ ದಿನ

ಎಲ್ಲರೂ ಎಂಜಿನ್ ಅಕ್ಕ ಎಂದು ಕರೆಯುತ್ತಿದ್ದ ಅವಳು ಹೆದರಿದ್ದನ್ನು ದಂಡೆಯಲ್ಲಿ ಯಾರೂ ಕಂಡವರಿಲ್ಲ. ದೋಣಿ ಕಟ್ಟುವ ಅಪ್ಪನ ಕಾಲಿಗೆ ಅಡ್ಡಡ್ಡ ಓಡಾಡುತ್ತಲೇ ಎಂಜಿನ್ ಬಿಚ್ಚುವುದನ್ನು ಕಲಿತವಳು. ತವರಿನಿಂದ ಸೊಸೆ ತಂದದ್ದು ಸೀರೆಗಿಂತ ಸ್ಪ್ಯಾನರೇ ಹೆಚ್ಚು ಎಂದು ಅತ್ತೆ ಕೊನೆತನಕ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ! ಗಂಡನ ದೋಣಿ ನಡುನೀರಿನಲ್ಲಿ ಒಮ್ಮೆಯೂ ಕೈಕೊಡದಿದ್ದುದು ಆ ಸ್ಪ್ಯಾನರಿನಿಂದಲೇ.

ಗಂಡನಿಗೆ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಹಲ್ಲುಜ್ಜುವಾಗಲೂ ಮಾತು ನಿಲ್ಲಿಸದ ಪ್ರಾಣಿ. ಆದರೆ ಸಿಟ್ಟು ಬಂತೋ, ಮುಗಿಯಿತು, ಬಾಯಿಗೆ ಬೀಗ. ಬೈದರೆ ತಿರುಗಿ ಬೈಯಬಹುದು, ಮಾತೇ ಆಡದವನ ಹತ್ತಿರ ಏನು ಮಾಡುವುದು?

ಮೀನಿನ ಕಾಲ ಮುಗಿದಿತ್ತು. ದೋಣಿಯನ್ನು ಮೇಲಕ್ಕೆಳೆದು, ಎರಡೂ ಪಕ್ಕಕ್ಕೆ ಕಂಬಗಳ ಆಸರೆ ಕೊಟ್ಟು, ಆ ಕಂಬಗಳ ಬುಡಕ್ಕೆ ಮರದ ಬೆಣೆ ಬಡಿದು ನಿಲ್ಲಿಸಿದ್ದರು. ಎಂಜಿನ್ ಇಳಿಸಿ ಕೊಟ್ಟಿಗೆಗೆ ಸೇರಿಸುವುದು ಬಾಕಿ. ಮೋಡ ಕಟ್ಟುತ್ತಿತ್ತು.

"ನೀನು ಮೇಲೆ ಎಂಜಿನ್ ಎತ್ತು, ನಾನು ಕೆಳಗೆ ನೀರು ಸೋರದ ಹಾಗೆ ಹಲಗೆ ಸಂದಿಗೆ ಹತ್ತಿ ತುಂಬ್ತೀನಿ. ಎರಡೂ ಒಟ್ಟಿಗೆ ಆಗುತ್ತೆ" ಎಂದ ರೇಡಿಯೋ.

"ಎಂಜಿನ್ ಎತ್ತೋವಾಗ ಕೆಳಗೆ ನರಪಿಳ್ಳೆಯೂ ಇರಬಾರದು. ಭಾರ ಹೋದ ತಕ್ಷಣ ದೋಣಿ ಅಲುಗಾಡಿ ಬೆಣೆ ಸಡಿಲ ಆಗುತ್ತೆ."

"ಶುರುವಾಯ್ತು ನಿಮ್ಮಪ್ಪನ ಶಾಸ್ತ್ರ!"

"ನಮ್ಮಪ್ಪ ನಿಮ್ಮ ಹಾಗೆ ಬರೀ ಬಾಯಲ್ಲೇ ದೋಣಿ ಕಟ್ಟಲಿಲ್ಲ."

ಅಷ್ಟೇ. ಟವೆಲ್ ಹೆಗಲಿಗೆ ಎಸೆದುಕೊಂಡು ಟೀ ಅಂಗಡಿಯ ಕಡೆ ನಡೆದೇಬಿಟ್ಟ. ಹೋಗಲಿ, ಯಾರಿಗೇನು ಎಂದುಕೊಂಡಳು ಅಕ್ಕ. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಸಿಹಿನೀರು ಹಾಯಿಸಿ ಎಂಜಿನ್ನಿನ ಉಪ್ಪು ತೊಳೆದಳು, ನೀರನ್ನು ಹನಿಯೂ ಉಳಿಯದಂತೆ ಬಸಿದಳು, ಸಿಲಿಂಡರಿಗೆ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿದಳು. ಬೋಲ್ಟು ಬಿಚ್ಚಿ, ಮೇಲಿನ ತೊಲೆಗೆ ನೇತುಹಾಕಿದ್ದ ರಾಟೆಯ ಸರಪಳಿಯನ್ನು ಎಂಜಿನ್ನಿಗೆ ಸಿಕ್ಕಿಸಿದಳು.

ದಂಡೆಯಲ್ಲೊಂದು ಕಟ್ಟಳೆಯಿತ್ತು. ಎಂಜಿನ್ ಎತ್ತುವ ಮುಂಚೆ "ಕೆಳಗ್ಯಾರು?" ಎಂದು ಮೂರು ಸಲ ಕೂಗಬೇಕು. ಇದ್ದವರು "ನಾನಿದ್ದೀನಿ" ಎನ್ನಬೇಕು. ಉತ್ತರ ಬರಲಿಲ್ಲವೆಂದರೆ ಯಾರೂ ಇಲ್ಲವೆಂದೇ ಲೆಕ್ಕ. ಅಕ್ಕ ಮೂರು ಸಲ ಕೂಗಿದಳು. ಯಾರೂ ಓಗೊಡಲಿಲ್ಲ. ಸರಪಳಿ ಜಗ್ಗಿದಳು.

ಎಂಜಿನ್ ಮೇಲೆದ್ದಿತು. ತೊಲೆಯುದ್ದಕ್ಕೂ ಸರಿಸುತ್ತ ದೋಣಿಯ ಎಡ ಅಂಚಿನವರೆಗೆ ತಂದಾಗ ಗಾಳಿಗೆ ತೂಗಾಡತೊಡಗಿತು. ಅಂಚಿಗೆ ಬಡಿಯದಂತೆ ಹೆಗಲು ಕೊಟ್ಟು ನಿಂತಳು. ಆಗಲೇ ಎಡಗಡೆಯ ಬೆಣೆ ಕಳಚಿ ಕಲ್ಲಿನ ಮೇಲೆ ಬಿದ್ದ ಸದ್ದು. ಬೀಳಲಿ, ಕೆಳಗೆ ಯಾರಿದ್ದಾರೆ?

ಟಕ್, ಟಕ್, ಟಕ್.

ಹತ್ತಿ ಬಡಿಯುವ ಮರದ ಕೊಡತಿಯ ಸದ್ದು! ದೋಣಿಯಡಿಯಲ್ಲಿ, ಎಡಭಾಗದಲ್ಲೇ.

"ರೀ! ಅಲ್ಲಿದ್ದೀರಾ?"

ಟಕ್, ಟಕ್.

"ಬೆಣೆ ಬಿದ್ದಿದೆ, ಹೊರಗೆ ಬನ್ನಿ ರೀ!"

ಟಕ್, ಟಕ್, ಟಕ್. ಈ ಸಲ ಇನ್ನೂ ಜೋರು. ಬೆನ್ನ ಹಿಂದೆ ಬಿದ್ದ ಬೆಣೆ ಅವನಿಗೆ ಕಂಡಿರಲಿಲ್ಲ. ಇದೂ ಆಗಿನ ಜಗಳದ ಮುಂದುವರಿಕೆ ಎಂದೇ ಅವನ ಎಣಿಕೆ.

"ಮೊಂಡ! ಹಟಮಾರಿ! ಏಳ್ರೀ ಅಲ್ಲಿಂದ!" ಅವಳು ಬೈದಷ್ಟೂ ಅವನು ಬಡಿದ. ಬೆಣೆಯಿಲ್ಲದ ಕಂಬ ಕಿರುಗುಟ್ಟುತ್ತಿತ್ತು. ಹೆಗಲು ತೆಗೆದರೆ ಎಂಜಿನ್ ಅಂಚಿಗೆ ಅಪ್ಪಳಿಸಿ ದೋಣಿ ಅವನ ಮೇಲೆಯೇ ವಾಲುತ್ತದೆ. ತೆಗೆಯದಿದ್ದರೆ ಇಳಿದು ಹೋಗಿ ಎಳೆಯುವವರು ಯಾರು? ಹೆಗಲು ಜೋಮು ಹಿಡಿಯಿತು. ಸಿಟ್ಟೆಲ್ಲ ಇಳಿದುಹೋಯಿತು.

"ರೀ... ನಂಗೆ ಹೆದರಿಕೆ ಆಗ್ತಿದೆ."

ಬಾಯಿಂದ ಬಂದದ್ದು ಅಷ್ಟೇ, ಅದೂ ಪಿಸುಮಾತಿನಷ್ಟು ಸಣ್ಣದಾಗಿ. ಎರಡು ಬಡಿತಗಳ ನಡುವೆ ಅದು ಅವನ ಕಿವಿಗೆ ಬಿತ್ತು, ಕೊಡತಿ ನಿಂತಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಆ ಮಾತನ್ನು ಅವನು ಕೇಳಿರಲಿಲ್ಲ. ಮರಳಿನಲ್ಲಿ ತೆವಳಿದ ಸದ್ದಾಯಿತು. ಬಲಗಡೆಯಿಂದ ಅವನ ತಲೆ ಹೊರಬಂತು.

"ಏನಾಯ್ತೇ?"

ಅವನನ್ನು ಕಂಡದ್ದೇ ತಡ, ಅವಳ ಹೆಗಲು ಕುಸಿಯಿತು. ಎಂಜಿನ್ ಅಂಚಿಗೆ ಬಡಿಯಿತು, ಕಂಬ ಉರುಳಿತು, ದೋಣಿ ಎಡಕ್ಕೆ ವಾಲಿ ನೆಲಕ್ಕೆ ಕೂತಿತು. ಅವನು ಬಿಟ್ಟುಬಂದ ಹತ್ತಿಯ ಚೀಲ, ಕೊಡತಿ ಎಲ್ಲ ಅಡಿಯಲ್ಲಿ ಅಪ್ಪಚ್ಚಿ. ಸರಪಳಿ ಹಿಡಿದು ಜೋತುಬಿದ್ದಿದ್ದ ಹೆಂಡತಿಯನ್ನು ರೇಡಿಯೋ ಸೊಂಟ ಹಿಡಿದು ಇಳಿಸಿಕೊಂಡ. ಇಬ್ಬರೂ ಮರಳಿನ ಮೇಲೆ ಕುಸಿದರು.

ಅವನೇ ಬಾಯಿಬಿಟ್ಟ. "ನೀನು ಎಂಜಿನ್ ತೊಳೀತಿದ್ದಾಗಲೇ ವಾಪಸ್ ಬಂದು ಕೆಳಗೆ ನುಸುಳಿದ್ದೆ. ಕೂಗಿದ್ದು ಕೇಳಿಸಿತ್ತು ಕಣೇ. ಮೂರು ಸಲವೂ. ಬೇಕಂತ್ಲೇ ಸುಮ್ಮನಿದ್ದೆ."

ಎಣ್ಣೆಗೈಯಲ್ಲೇ ಅವನ ಅಂಗಿ ಹಿಡಿದಳು. "ನಾನೇ ಕೊಲ್ತಿದ್ದೆನಲ್ರೀ ನಿಮ್ಮನ್ನ, ಈ ಕೈಯಲ್ಲೇ!" ಅಳು ಒತ್ತರಿಸಿಕೊಂಡು ಬಂತು. "ಜಗಳ ಆಡಿ. ಬೈಯಿರಿ. ಬೇಕಾದ್ರೆ ನಮ್ಮಪ್ಪನ್ನೂ ಬೈಯಿರಿ. ಸುಮ್ಮನೆ ಮಾತ್ರ ಇರಬೇಡಿ."

ರೇಡಿಯೋ ಏನೋ ಹೇಳಲು ಹೋದ. ಒಂದಕ್ಷರವೂ ಹೊರಡಲಿಲ್ಲ.

"ಏನಾದ್ರೂ ಹೇಳಿ ರೀ" ಎಂದು ಅವಳು ಅವನನ್ನು ಹಿಡಿದು ಅಲುಗಾಡಿಸುತ್ತಲೇ ಇದ್ದಳು.