ಹಳೇ ಗಾಡಿಗಳ ಕೆಳಗೆ ಅಕ್ಕವ್ವ

ಬೆಳಗಿನ ಆರು ಗಂಟೆ. ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜದ ಹೊರಗೆ, ಕುರಿ ಕಾಯುವ ಧನಗರರ ವಸ್ತಿಯಲ್ಲಿ, ಐವತ್ತಾರು ವರ್ಷದ ಒಂದು ಜೀಪಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಬೆರಳಲ್ಲಿ ಕಾಲುಂಗುರ, ಸೀರೆಯ ಅಂಚಿಗೆಲ್ಲ ಮಣ್ಣು. ಹೊಸಬರು ಕಂಡರೆ ಅಪಘಾತವೆಂದು ಕೂಗಿಯಾರು. ಬಾನೆಟ್ಟಿನ ಮೇಲೆ ಇವತ್ತಿನ ಮರಾಠಿ ಪತ್ರಿಕೆ ಹರಡಿದೆ. ಓದುವುದಕ್ಕಲ್ಲ, ವಿಮೆಯವರಿಗೆ ಕಳಿಸುವ ಫೋಟೊದಲ್ಲಿ ತಾರೀಖು ಕಾಣಲಿ ಅಂತ.

"ಸೀಮೆಎಣ್ಣಿ ಅರಿಬಿ ಕೊಡ್ರಿ ಇಲ್ಲೆ," ಎನ್ನುತ್ತದೆ ಜೀಪಿನಡಿಯ ದನಿ.

ಅದು ಅಕ್ಕವ್ವ ಹತ್ತರಕಿಯವರದು. ವಯಸ್ಸು ಐವತ್ತೆರಡು. ಹಳೆಯ ಗಾಡಿಗಳಿಗೆ ವಿಮೆ ಹುಡುಕಿ ಕೊಡುವುದು ಅವರ ಕೆಲಸ. ಇದೂ ಒಂದು ಕೆಲಸವೇ ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನಾನೂ ಮೊದಲು ನಕ್ಕಿದ್ದೆ. ಹೊಸ ಕಾರಿಗಾದರೆ ಮೊಬೈಲಿನಲ್ಲಿ ಐದು ನಿಮಿಷಕ್ಕೆ ಪಾಲಿಸಿ ಬರುತ್ತದೆ. ಅಜ್ಜನ ಕಾಲದ ಜೀಪು, ಫಿಯಟ್, ಸ್ಕೂಟರುಗಳ ಹೆಸರು ಆ ಪಟ್ಟಿಯಲ್ಲೇ ಇರುವುದಿಲ್ಲ. ಬಿಡಿಭಾಗಕ್ಕೆ ದರವಿಲ್ಲ, ಗಾಡಿಗೆ ಬೆಲೆ ಕಟ್ಟುವವರಿಲ್ಲ. "ಹಳೇ ಗಾಡಿ ಅಂದ ಕೂಡ್ಲೆ ಸಾಹೇಬ್ರಿಗೆ ಊಟದ ಹೊತ್ತಾಗತೈತ್ರಿ," ಎನ್ನುತ್ತಾರೆ ಅಕ್ಕವ್ವ. ವಾರಕ್ಕೆ ಹತ್ತು ಹನ್ನೆರಡು ಗಾಡಿ ನೋಡುತ್ತಾರೆ. ಪಾಲಿಸಿ ಸಿಗುವುದು ಮೂರಕ್ಕೋ ನಾಲ್ಕಕ್ಕೋ. ಉಳಿದವರ ಬೈಗುಳ ಇವರಿಗೆ.

ಈ ಗಾಡಿ ಅದೇ ಗಾಡಿ ಎಂದು ಮೊದಲು ಸಾಬೀತಾಗಬೇಕು. ಚಾಸಿಯ, ಅಂದರೆ ಗಾಡಿಯಡಿಯ ಕಬ್ಬಿಣದ ಚೌಕಟ್ಟಿನ, ಮೇಲೆ ಕೊರೆದ ನಂಬರನ್ನು ಒರೆಸಿ, ತೆಳು ಕಾಗದ ಒತ್ತಿ ಹಿಡಿದು, ಮೇಲೆ ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಒಂದು ಪ್ರಿಂಟ್ ಅರ್ಜಿಗೆ, ಇನ್ನೊಂದು ಅಕ್ಕವ್ವನ ವಹಿಗೆ. ಅಪ್ಪನ ಗ್ಯಾರೇಜಿನಲ್ಲಿ ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಡುತ್ತ ಕಲಿತ ವಿದ್ಯೆ. ಇಪ್ಪತ್ತೊಂದು ವರ್ಷದಿಂದ ಅದೇ ಅನ್ನ ಹಾಕಿದೆ, ಬೆನ್ನನ್ನೂ ಮುರಿದಿದೆ.

ಈ ಜೀಪು ಧೋಂಡಿಬಾ ಅವರದು. ಮಳೆ ಹಿಡಿಯುವ ಮುಂಚೆ ಅವರ ಮನೆಯವರು ಕುರಿ ಹೊಡೆದುಕೊಂಡು ಮೂಡಲ ಸೀಮೆಗೆ ಹೊರಡುತ್ತಾರೆ. ಮೊಣಕಾಲು ಹೋದ ಹೆಂಡತಿ ಲಗಮವ್ವ, ಆಗಷ್ಟೇ ಹುಟ್ಟಿದ ಮರಿಗಳು, ಗಡಿಗೆ ಗಂಟು ಎಲ್ಲ ಜೀಪಿನಲ್ಲಿ. ಹಿಂಡು ನಾಳಿದ್ದು ಹೊರಡಬೇಕು. ಹಳೆಯ ಪಾಲಿಸಿ ಮುಗಿದಿದೆ, ಆ ಕಂಪನಿ ಕೈಯೆತ್ತಿದೆ. ಮೂರು ವಾರ ಅಲೆದ ಮೇಲೆ ಕೊಲ್ಹಾಪುರದ ಒಂದೇ ಒಂದು ಕಚೇರಿ ಹೂಂ ಎಂದಿದೆ. ಇವತ್ತು ಸಂಜೆಯೊಳಗೆ ಚಾಸಿ ನಂಬರಿನ ಸ್ಪಷ್ಟ ಪ್ರಿಂಟ್ ಬೇಕು.

ಅಕ್ಕವ್ವ ಹೊರಗೆ ಬಂದು ಕಾಗದ ಹಿಡಿದು ತೋರಿಸುತ್ತಾರೆ. ಕೊನೆಯ ನಾಲ್ಕು ಅಂಕಿ ಮೂಡಿಲ್ಲ.

"ಏನ್ ಮಾಡೀರಿ ಇದಕ್ಕ?"

"ಏನ್ ಮಾಡೂನ್ರಿ? ಖಂಡೇನವಮಿ ಆಯುಧಪೂಜಿಗೆ ಹುಣಸಿಹಣ್ಣು, ಇಟ್ಟಂಗಿಪುಡಿ ಹಚ್ಚಿ ಆ ನಂಬರ್ ತಿಕ್ಕತೀವಿ, ಅರಿಷಿಣದ ಭಂಡಾರ ಏರಸ್ತೀವಿ," ಎನ್ನುತ್ತಾರೆ ಧೋಂಡಿಬಾ. "ನಮ್ಮಪ್ಪ ಹಾಕಿಕೊಟ್ಟ ಪದ್ಧತಿರಿ. ಗಾಡೀ ಹೆಸರು ಅದs ಅಲ್ಲೇನು? ಬೀರದೇವರ ಮುಖದಂಗ ಬೆಳಗೀವಿ."

ಐವತ್ತು ದಸರೆಗಳ ಭಕ್ತಿ ನಂಬರನ್ನು ಸವೆಸಿಬಿಟ್ಟಿದೆ. ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ.

ಧೋಂಡಿಬಾ ಅವರ ಮಗ ಶುಭಮನಿಗೆ ಮಾತ್ರ ಉಪಾಯ ಹೊಳೆಯುತ್ತದೆ. "ಅಕ್ಕಾ, ಒಂಬತ್ತು ವರ್ಷದ ಹಿಂದ ನೀವs ಪ್ರಿಂಟ್ ತಗದಿದ್ರಿ. ನಿಮ್ಮ ವಹಿಯಾಗ ಇರ್ಬೇಕು. ಅದನ್ನs ಹಚ್ಚಿ ಕೊಡ್ರಿ. ನಂಬರೇನ್ ಸುಳ್ಳಲ್ಲಲ್ಲ?"

ಅಕ್ಕವ್ವ ವಹಿ ತೆಗೆಯುತ್ತಾರೆ. ಇದೆ. ಒಂದೊಂದು ಅಂಕಿಯೂ ಅಚ್ಚುಕಟ್ಟಾಗಿದೆ. ಹಾಳೆ ಹರಿದು ಅಂಟಿಸಿದರೆ ಸಂಜೆಗೆ ಪಾಲಿಸಿ. ಅವರು ವಹಿ ಮುಚ್ಚಿ ಕಟ್ಟೆಯ ಮೇಲೆ ಕೂರುತ್ತಾರೆ.

"ಇಚಲಕರಂಜಿ ಕೇದಾರನ ಸುದ್ದಿ ಕೇಳಿ, ಆಮ್ಯಾಲ ಹೇಳ್ರಿ," ಎಂದು ಶುರು ಮಾಡುತ್ತಾರೆ.

ಕೇದಾರ ಪವರ್‌ಲೂಮ್ ರಿಪೇರಿಯವನು. ಅಜ್ಜನ ಜೀಪನ್ನು ಎರಡು ವರ್ಷ ಕೂತು ಹೊಸದು ಮಾಡಿದ. ತುಕ್ಕು ತಿಂದ ನಂಬರನ್ನು ತಾನೇ ಮತ್ತೆ ಕೊರೆದ, ಇದ್ದದ್ದು ಇದ್ದ ಹಾಗೆ. ಅಂಕಿಗಳ ಅಂಚು ಹೊಳೆಯುತ್ತಿದ್ದುದು ಅಕ್ಕವ್ವನಿಗೆ ಕಂಡಿತ್ತು. ನಂಬರು ಖರೆಯೇ ಇದೆಯಲ್ಲ, ಯಾರಿಗೇನು ಎಂದು ಸುಮ್ಮನೆ ಪ್ರಿಂಟ್ ತೆಗೆದುಕೊಟ್ಟರು. ಎಂಟು ತಿಂಗಳಿಗೆ ಹೆದ್ದಾರಿಯಲ್ಲಿ ಲಾರಿ ಬಡಿದು ಕೇದಾರ ಹೋದ. ವಿಮಾ ಕಂಪನಿಯಿಂದ ತನಿಖೆಗೆ ಬಂದವನು ನಂಬರು ಹೊಸದಾಗಿ ಕೊರೆದದ್ದೆಂದು ಬರೆದ. ಪಾಲಿಸಿ ರದ್ದಾಯಿತೆಂದು ಕಾಗದ ಬಂತು, ಹೆಂಡತಿ ಪೂನಮಳಿಗೆ ಬಿಡಿಗಾಸೂ ಬರಲಿಲ್ಲ.

"ಆ ಕಾಗದ ಓದಿ ಹೇಳಾಕ ಆಕಿ ನನ್ನs ಕರದ್ಲು. ನಾನs ಓದಿದೆ," ಎನ್ನುತ್ತಾರೆ ಅಕ್ಕವ್ವ. "ಓದಿ, ನನಗ ಮೊದಲs ಗೊತ್ತಿತ್ತವಾ ಅಂದೆ. ಬಾಗಿಲಾ ಹಾಕ್ಕೊಂಡ್ಲು. ಆರು ವರ್ಷ ಆತು, ನನಗ ತಗದಿಲ್ಲ."

ಅಕ್ಕವ್ವ ಪೆನ್ನು ತೆಗೆದು ಅರ್ಜಿಯ ಮೇಲೆ 'ನಂಬರು ಓದಲು ಬರುವುದಿಲ್ಲ' ಎಂದು ಬರೆಯುತ್ತಾರೆ. ಹಳೆಯ ಪ್ರಿಂಟನ್ನು ಆರ್‌ಟಿಓ ಕಚೇರಿಗೆ ಕೊಟ್ಟು, ಅಪ್ಪಣೆ ಪಡೆದು ನಂಬರು ಮತ್ತೆ ಕೊರೆಸಬೇಕು. ಆ ಓಡಾಟ ತಮ್ಮದೇ ಎನ್ನುತ್ತಾರೆ. ಎರಡು ತಿಂಗಳಾದರೂ ಹಿಡಿದೀತು.

"ಎರಡು ತಿಂಗಳಾ?" ಧೋಂಡಿಬಾ ಎದ್ದು ನಿಲ್ಲುತ್ತಾರೆ. "ಕುರಿಗೆ ಕಾಯಾಕ ಬರತೈತೇನ್ರಿ? ಪಾಲಿಸಿ ಇಲ್ಲದs ಒಯ್ತೇನಿ. ಯಾರ್ ಹಿಡಿತಾರ ನೋಡೂನು."

ಅವರಿಗೆ ಉತ್ತರ ಕೊಡುವುದು ಅಕ್ಕವ್ವ ಅಲ್ಲ, ಲಗಮವ್ವ. ಗೋಡೆ ಹಿಡಿದು ಜೀಪಿನತ್ತ ಬರುತ್ತಾರೆ. ಆಗಲೇ ಹೇರಿಟ್ಟಿದ್ದ ತಮ್ಮ ಸೀರೆಯ ಗಂಟನ್ನು ಇಳಿಸಿಕೊಳ್ಳುತ್ತಾರೆ. "ನಾ ಇಲ್ಲೇ ಇರ್ತೇನಿ. ನೀವು ಜೀಪ್ ಬಿಟ್ಟು ನಡೀರಿ," ಎನ್ನುತ್ತಾರೆ. ಮದುವೆಯಾಗಿ ಬಂದ ನಲವತ್ತು ವರ್ಷದಲ್ಲಿ ಹಿಂಡು ಬಿಟ್ಟು ಹಿಂದೆ ಉಳಿದವರಲ್ಲ ಅವರು. ಅಕ್ಕವ್ವನ ಮುಖ ಮಾತ್ರ ನೋಡುವುದಿಲ್ಲ. ಧೋಂಡಿಬಾ ಕುರಿಹಟ್ಟಿಯ ಕಡೆಗೆ ನಡೆದುಬಿಡುತ್ತಾರೆ.

ಈ ಸೀಮೆಯಲ್ಲಿ ವೈರಿ ಬಂದರೂ ಚಹಾ ಕೊಡದೆ ಕಳಿಸುವುದಿಲ್ಲ. ನಮಗೆ ನೀರೂ ಬರುವುದಿಲ್ಲ. ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯಲ್ಲಿ ಅಕ್ಕವ್ವ ಒಂದೇ ಸಮನೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. ನನಗೆ ತಡೆಯಲಾಗುವುದಿಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಭಾಳ ಆಗತೈತ್ರಿ," ಎನ್ನುತ್ತಾರೆ. "ಬೈಲಿ ಬಿಡ್ರಿ. ಬೈಯಾಕ ಮನಿಷ್ಯಾ ಜೀವಂತ ಇರ್ಬೇಕಲ್ಲ, ಅಷ್ಟು ಸಾಕು ನನಗ."